ಬಕೆಟ್ಟಿನಲ್ಲಿ ಬಂದ ಪಾಠ

ಎಂಡಿ ಮುಗಿಸಿ, ಕ್ರಿಟಿಕಲ್ ಕೇರ್, ಅಂದರೆ ಐಸಿಯು ಚಿಕಿತ್ಸೆ ಕಲಿಯಲು ಈ ಕಾಲೇಜಿಗೆ ಸೇರಿದಾಗ ವೆಂಟಿಲೇಟರ್ ಬಗ್ಗೆ ನನಗೆ ಗೊತ್ತು ಅಂದುಕೊಂಡಿದ್ದೆ. ಮೊದಲ ಶನಿವಾರ ಮೇಡಂ ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದು ಕ್ಲಾಸಿಗೆ ಬಂದರು. ಒಳಗೆ ಮಾಂಸದಂಗಡಿಯಿಂದ ತಂದ ಕುರಿಯ ಶ್ವಾಸಕೋಶ.

ಅದರ ಗಾಳಿಕೊಳವೆಗೆ ಟ್ಯೂಬ್ ಹಾಕಿ, ದಾರದಿಂದ ಬಿಗಿದು ಕಟ್ಟಿ, ಪಾಠಕ್ಕೆಂದೇ ಇಟ್ಟಿದ್ದ ಹಳೆಯ ವೆಂಟಿಲೇಟರಿಗೆ ಜೋಡಿಸಿದರು. ಉಸಿರು ಹೊರಹೋದ ಮೇಲೂ ಮೆಷಿನ್ ಒಳಗೆ ಉಳಿಸುವ ಒತ್ತಡ, ಅಂದರೆ ಪೀಪ್, ಸೊನ್ನೆ ಇದ್ದಾಗ ಗಾಳಿ ಹೊರಬಂದ ಕೂಡಲೇ ಅದು ಮುದುಡಿಕೊಳ್ಳುತ್ತಿತ್ತು. ಅಂಚಿನಲ್ಲೆಲ್ಲ ಕಪ್ಪುಗೆಂಪು ಕಲೆ. ಪೀಪನ್ನು 5, 8, 10 ಎಂದು ಏರಿಸುತ್ತಾ ಹೋದ ಹಾಗೆ ಆ ಕಲೆಗಳು ಒಂದೊಂದಾಗಿ ಅರಳಿ ತಿಳಿಗುಲಾಬಿ ಬಣ್ಣಕ್ಕೆ ತಿರುಗಿದವು. "ಕಾಣಿಸ್ತಾ? ಉಸಿರು ಬಿಟ್ಟ ಮೇಲೂ ಒಳಗೆ ಒಂದಿಷ್ಟು ಗಾಳಿ ಉಳಿದಿದೆ. ಪೀಪ್ ಅಂದ್ರೆ ಇಷ್ಟೇ" ಅಂದರು. ಆಮೇಲೆ ಬೇಕಂತಲೇ ಒತ್ತಡ ಜಾಸ್ತಿ ಮಾಡಿಸಿದರು. ಒಂದು ಮೂಲೆಯಲ್ಲಿ ಪೊರೆಯ ಕೆಳಗೆ ಗುಳ್ಳೆ ಎದ್ದಿತು. ಯಾರೂ ಮಾತಾಡಲಿಲ್ಲ. ರೋಗಿಯ ಎದೆಯೊಳಗೆ ಹೀಗಾದರೆ ನಮಗೆ ಕಾಣಿಸುವುದಿಲ್ಲ, ಅಲ್ವಾ?

ಅದಕ್ಕೂ ಮೊದಲು ನಾನು ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಒಂದು ಸಲ ನೋಡು, ಮುಂದಿನ ಸಲ ನೀನೇ ಮಾಡು ಅನ್ನುವ ಪದ್ಧತಿ. ನನ್ನ ಮೊದಲ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಡುವ ಕೊಳವೆ) ಹಾಕಿದ್ದು ರಾತ್ರಿ ಮೂರು ಗಂಟೆಗೆ, ಸೀನಿಯರ್ ಫೋನಿನಲ್ಲಿ ಹೇಳುತ್ತಿದ್ದರು. ಆ ರೋಗಿಯ ಕುತ್ತಿಗೆಗೆ ನಾಲ್ಕು ಸಲ ಸೂಜಿ ಚುಚ್ಚಿದೆ. ಇವತ್ತಿಗೂ ಆ ಮುಖ ಮರೆತಿಲ್ಲ. ಮೇಡಂ ಹತ್ತಿರ ಹಾಗಿಲ್ಲ. ಕೋಳಿಯ ಎದೆಮಾಂಸದೊಳಗೆ ರಬ್ಬರ್ ಕೊಳವೆ ತೂರಿಸಿ, ಅದೇ ರಕ್ತನಾಳ ಅಂತ ಅಲ್ಟ್ರಾಸೌಂಡಿನಲ್ಲಿ ಸೂಜಿಯ ತುದಿ ಹುಡುಕಿಸುತ್ತಿದ್ದರು. ಕೈ ಪಳಗುವವರೆಗೆ ರೋಗಿಯ ಹತ್ತಿರ ಬಿಡುತ್ತಿರಲಿಲ್ಲ.

ಅವರ ಜೇಬಿನಲ್ಲಿ ಯಾವಾಗಲೂ ದರ್ಜಿಯವರ ಅಳತೆ ಟೇಪು ಇರುತ್ತಿತ್ತು. 90 ಕೆಜಿ ತೂಕದ ಒಬ್ಬ ರೋಗಿಗೆ ನಾನು ವೆಂಟಿಲೇಟರಿನಲ್ಲಿ ಒಂದೊಂದು ಉಸಿರಿಗೂ ಕೆಜಿಗೆ 6 ಎಂಎಲ್ ಲೆಕ್ಕದಲ್ಲಿ 540 ಎಂಎಲ್ ಗಾಳಿ ಇಟ್ಟಿದ್ದೆ. ಮೇಡಂ ಸುಮ್ನೆ ಟೇಪು ಕೊಟ್ಟರು. ಎತ್ತರ 160 ಸೆಂ.ಮೀ. ಆ ಎತ್ತರದ ಗಂಡಸಿಗೆ ಲೆಕ್ಕಕ್ಕೆ ಬರುವ ತೂಕ ಸುಮಾರು 57 ಕೆಜಿ. ಅಂದರೆ ಕೊಡಬೇಕಾದದ್ದು 340ರ ಆಸುಪಾಸು. "ಹೊಟ್ಟೆ ಬೆಳೆದ್ರೆ ಶ್ವಾಸಕೋಶ ಬೆಳೆಯುತ್ತೇನಪ್ಪಾ?" ಎಂದು ಕೇಳಿದರು. ಎಆರ್‌ಡಿಎಸ್ (ಶ್ವಾಸಕೋಶ ಊದಿಕೊಂಡು ನೀರು ತುಂಬಿ ಉಸಿರಾಟ ಸೋಲುವ ಸ್ಥಿತಿ) ರೋಗಿಗಳಿಗೆ ಕೆಜಿಗೆ 12ರ ಬದಲು 6 ಎಂಎಲ್ ಕೊಟ್ಟಾಗ ಸಾವು ಸುಮಾರು ಶೇ. 40ರಿಂದ 31ಕ್ಕೆ ಇಳಿದ 2000ನೇ ಇಸವಿಯ ಅಮೆರಿಕದ ಅಧ್ಯಯನ ನನಗೆ ಬಾಯಿಪಾಠವಾಗಿತ್ತು. ಆದರೆ ಟೇಪು ಹಿಡಿದಿರಲಿಲ್ಲ.

ಕೋಪನ್‌ಹೇಗನ್ ಕಥೆಯನ್ನೂ ಅವರೇ ಹೇಳಿದ್ದು. 1952ರಲ್ಲಿ ಅಲ್ಲಿ ಪೋಲಿಯೊ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ಕೊಳವೆ ಹಾಕಿಸಿ, ಚೀಲ ಒತ್ತಿ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಹಗಲು ರಾತ್ರಿ ಕೈಯಿಂದ ಆ ಚೀಲ ಒತ್ತಿದರು. ಕಥೆ ಮುಗಿಸಿ ನಮ್ಮ ಕೈಗೂ ಆಂಬು ಬ್ಯಾಗ್ ಕೊಟ್ಟು ಅರ್ಧ ಗಂಟೆ ಒತ್ತಿಸಿದರು. ಹತ್ತೇ ನಿಮಿಷಕ್ಕೆ ಬೆರಳು ಸೋತವು.

ನನಗೆ ತುಂಬಾ ಕಷ್ಟವಾದದ್ದು ಮಾತು. ಒಮ್ಮೆ ಐಸಿಯು ಬಾಗಿಲಲ್ಲಿ ಒಬ್ಬ ಅಜ್ಜಿಗೆ, ನಿಮ್ಮ ಮಗ ಕ್ರಿಟಿಕಲ್ ಇದ್ದಾರೆ ಎಂದು ಮತ್ತೆ ಮತ್ತೆ ಹೇಳಿದೆ. ಎಲ್ಲಾ ಕೇಳಿಸಿಕೊಂಡು ಅಜ್ಜಿ, "ಸ್ವಾಮಿ, ಗಂಜಿ ತಂದಿದೀನಿ, ಕುಡಿಸ್ಲಾ?" ಅಂದರು. ಪಕ್ಕದಲ್ಲೇ ಇದ್ದ ಮೇಡಂ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾವೂ ಕೂತು, "ಅಮ್ಮಾ, ಅವನಿಗೆ ಸ್ವಂತ ಉಸಿರು ಎಳ್ಕೊಳ್ಳೋಕೆ ಆಗ್ತಿಲ್ಲ. ಮೆಷಿನ್ ಉಸಿರಾಡಿಸ್ತಿದೆ. ಉಳಿಯದೇ ಇರಬಹುದು" ಎಂದರು. ಅಜ್ಜಿಯ ಕೈ ಬಿಡಲಿಲ್ಲ. ಮರುದಿನದಿಂದ ನಮಗೆ ಅದೂ ಕ್ಲಾಸು. ನಮ್ಮಲ್ಲೇ ಒಬ್ಬ ವೈದ್ಯನ ಪಾತ್ರ, ಇನ್ನೊಬ್ಬ ಮಗ, ಮತ್ತೊಬ್ಬ ಹೆಂಡತಿ. ಮಾತೆಲ್ಲ ಕನ್ನಡದಲ್ಲೇ.

ಈಗ ನಾನೂ ಪಾಠ ಮಾಡುತ್ತೇನೆ. ರೋಗಿಯ ಬದಲು ಅಭ್ಯಾಸ ಮಾಡುವ ದುಬಾರಿ ಗೊಂಬೆ ಬರಲಿ, ಸಿಮ್ಯುಲೇಷನ್ ಲ್ಯಾಬ್ ಆಗಲಿ ಎಂದು ಎಷ್ಟೋ ಕಡೆ ವರ್ಷಗಟ್ಟಲೆ ಕಾಯುತ್ತಾರೆ. ಬಂದರೆ ಒಳ್ಳೆಯದೇ. ಅಲ್ಲಿಯವರೆಗೆ ಹೊಸ ಬ್ಯಾಚಿಗೆ ಒಂದು ಶನಿವಾರ ಕೊಡಿ, ನಾನು ಬರುತ್ತೇನೆ. ಶ್ವಾಸಕೋಶ ನಾನೇ ತರುತ್ತೇನೆ. ಬೆಳಿಗ್ಗೆ ಬೇಗ ಹೋಗಿ ಮೊದಲೇ ಹೇಳಿಟ್ಟರೆ, ಮಾಂಸದಂಗಡಿಯವರು ಚಾಕು ತಾಗದ್ದನ್ನು ಎತ್ತಿಡುತ್ತಾರೆ.