ಏಳರ ಬದಲು ಎಂಟು

"ನಿಮ್ಮ ತಾಯಿಯವರ ರಿಪೋರ್ಟ್ ಸರಿಯಾಗಿ ಬಂದಿದೆ ತಾನೆ? ಮತ್ತೆ ನಿಮಗೇನು ತೊಂದರೆ?"

ಸೋಮವಾರ ಮಧ್ಯಾಹ್ನ ಲ್ಯಾಬಿನ ಮ್ಯಾನೇಜರ್ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಇಂದು ಶುಕ್ರವಾರ. ಅಕ್ಕಿ ತೊಳೆಯುವಾಗಲೂ ಅದೇ ನೆನಪು, ರಾತ್ರಿ ದೀಪ ಆರಿಸಿದ ಮೇಲೂ ಅದೇ. ಅವರು ಗದರಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ಅದೇ ನನ್ನನ್ನು ಹೆಚ್ಚು ಕಲಕಿದ್ದು.

ಶನಿವಾರ ಅಮ್ಮನನ್ನು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಲು ಕರೆದುಕೊಂಡು ಹೋಗಿದ್ದೆ. ಭಾನುವಾರ ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: ರಿಪೋರ್ಟ್ ಸಿದ್ಧವಾಗಿದೆ, ಈ ಲಿಂಕ್ ಒತ್ತಿ. ನಮ್ಮ ಡಾಕ್ಟರಿಗೆ ಕಾಗದವೇ ಬೇಕು. ಹಾಗಾಗಿ ಪ್ರಿಂಟ್ ತೆಗೆಯೋಣವೆಂದು ಲ್ಯಾಪ್‌ಟಾಪಿನಲ್ಲಿ ಆ ಲಿಂಕನ್ನು ಅಕ್ಷರ ಅಕ್ಷರವಾಗಿ ನೋಡಿಕೊಂಡು ಟೈಪ್ ಮಾಡಿದೆ. ಕೊನೆಯ ಅಂಕಿ ಏಳು. ಬೆರಳು ಎಂಟನ್ನು ಒತ್ತಿತು.

ಪುಟ ತಕ್ಷಣ ತೆರೆದುಕೊಂಡಿತು. ಒಟಿಪಿ ಕೇಳಲಿಲ್ಲ, ಹುಟ್ಟಿದ ದಿನಾಂಕ ಕೇಳಲಿಲ್ಲ. ಅದೇ ನೀಲಿ ತಲೆಬರಹ, ಕೆಳಗೆ ಅದೇ ಡಾಕ್ಟರ ಸಹಿ. ಹೆಸರು ಮಾತ್ರ ಅಮ್ಮನದಲ್ಲ. ಅದು ತಲೆಗೆ ಹೋಗುವಷ್ಟರಲ್ಲಿ ಕಣ್ಣು ಕೆಳಗಿಳಿದು ವಯಸ್ಸು, ಮೊಬೈಲ್ ಸಂಖ್ಯೆ, ಪರೀಕ್ಷೆಯ ಹೆಸರು, ಫಲಿತಾಂಶ ಎಲ್ಲವನ್ನೂ ಓದಿಬಿಟ್ಟಿತ್ತು. ಸಕ್ಕರೆಯ ಪರೀಕ್ಷೆಯಲ್ಲ, ಥೈರಾಯ್ಡ್ ಅಲ್ಲ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಆಕೆ ಯಾರೆಂಬುದು ನನಗೆ ಗೊತ್ತು. ಶನಿವಾರ ಬೆಂಚಿನ ಮೇಲೆ ಅಮ್ಮನ ಪಕ್ಕದಲ್ಲೇ ಕುಳಿತಿದ್ದರು, ನಮ್ಮ ಹಿಂದಿನ ಬೀದಿಯವರು. ಅಮ್ಮನ ನಂತರ ರಕ್ತ ಕೊಟ್ಟವರು ಅವರೇ. ಮುಂದಿನ ಸಂಖ್ಯೆ ಅವರದಾಗದೆ ಇನ್ನು ಯಾರದಾಗುತ್ತದೆ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಮೊದಲು ಹೇಳಿದ್ದು, "ಚಿಕ್ಕಮ್ಮ, ಆ ಪುಟ ಮುಚ್ಚಿ. ಇನ್ನೊಂದು ಸಂಖ್ಯೆ ಹಾಕಿ ನೋಡಲು ಹೋಗಬೇಡಿ." ಲಿಂಕಿನ ಪಕ್ಕದಲ್ಲಿ ಬೀಗದ ಚಿತ್ರವಿತ್ತಲ್ಲ ಎಂದೆ. "ಆ ಬೀಗ ದಾರಿಗೆ ಮಾತ್ರ. ದಾರಿಯಲ್ಲಿ ಯಾರೂ ಕದಿಯುವುದಿಲ್ಲ, ಅಷ್ಟೇ. ಬಾಗಿಲಿಗೆ ಬಂದವರು ಯಾರು, ಕೇಳುತ್ತಿರುವ ಕಾಗದ ಅವರದೇನಾ ಎಂದು ಸರ್ವರ್ ಬೇರೆಯಾಗಿ ವಿಚಾರಿಸಬೇಕು. ಇವರ ಸರ್ವರ್ ಅದನ್ನು ವಿಚಾರಿಸುತ್ತಲೇ ಇಲ್ಲ" ಎಂದ. ಇದು ಬಹಳ ಹಳೆಯ ತಪ್ಪಂತೆ. ವೆಬ್ ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಈ ಬಗೆಯ ಲೋಪಗಳನ್ನೇ ಮೊದಲ ಸ್ಥಾನದಲ್ಲಿಟ್ಟಿತ್ತು.

ಅಮೆರಿಕದ ಕಥೆಯೊಂದನ್ನೂ ಹೇಳಿದ. ಫಸ್ಟ್ ಅಮೆರಿಕನ್ ಎಂಬುದು ಮನೆ, ಜಮೀನಿನ ಹಕ್ಕುಪತ್ರಗಳಿಗೆ ವಿಮೆ ಕೊಡುವ ದೊಡ್ಡ ಕಂಪನಿ. ಅದರ ಲಿಂಕಿನಲ್ಲೂ ಒಂದು ಅಂಕಿ ಬದಲಿಸಿದರೆ ಬೇರೆಯವರ ದಾಖಲೆ ತೆರೆದುಕೊಳ್ಳುತ್ತಿತ್ತು. ಬ್ಯಾಂಕ್ ಖಾತೆಯ ವಿವರ, ತೆರಿಗೆ ಪತ್ರ, 2003ರಷ್ಟು ಹಿಂದಿನ ಕಾಗದಗಳು, ಒಟ್ಟು ಸುಮಾರು 88.5 ಕೋಟಿ. ರಿಯಲ್ ಎಸ್ಟೇಟ್ ವ್ಯವಹಾರದ ಒಬ್ಬರು ಇದನ್ನು ಕಂಪನಿಗೆ ತಿಳಿಸಲು ಹೋದರೆ ಸರಿಯಾದ ಉತ್ತರವೇ ಸಿಗಲಿಲ್ಲ. 2019ರ ಮೇ ತಿಂಗಳಲ್ಲಿ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಕಂಪನಿಯನ್ನು ಸಂಪರ್ಕಿಸಿದ ಮೇಲೆ ಬಾಗಿಲು ಮುಚ್ಚಿತು. ಕಂಪನಿಯ ಭದ್ರತಾ ಸಿಬ್ಬಂದಿ ಅದೇ ವರ್ಷದ ಜನವರಿಯಲ್ಲೇ ಲೋಪವನ್ನು ಕಂಡುಹಿಡಿದು ಸುಮ್ಮನಿದ್ದರೆಂಬುದು ಆಮೇಲೆ ತನಿಖೆಯಲ್ಲಿ ಹೊರಬಂತು. ಆ ಸುಮ್ಮನಿದ್ದ ತಿಂಗಳುಗಳ ಮಾತು ಕೇಳಿದಾಗ ನನಗೆ ನಮ್ಮ ಲ್ಯಾಬಿನ ಬೆಂಚು ಕಣ್ಣ ಮುಂದೆ ಬಂತು.

ಸೋಮವಾರ ಫೋನ್ ಮಾಡಿದಾಗ ಕೌಂಟರಿನ ಹುಡುಗಿ ಗಾಬರಿಯಾಗಿ ಮ್ಯಾನೇಜರಿಗೆ ಕೊಟ್ಟಳು. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅಮ್ಮನ ನರ ಸಿಗದಿದ್ದಾಗ ಕೈ ಹಿಡಿದುಕೊಂಡು ಮಾತಾಡಿಸುತ್ತ ಕುಳಿತಿದ್ದವಳು ಅವಳೇ. ಮ್ಯಾನೇಜರೂ ಕೆಟ್ಟ ಮನುಷ್ಯರಲ್ಲ ಎಂದೇ ನನ್ನ ಭಾವನೆ. ಆದರೆ ತಮ್ಮ ಮುಂದಿರುವ ಗಿರಾಕಿಯೊಬ್ಬರನ್ನೇ ಕಾಣುವ ಮನುಷ್ಯ. ನಾನು ಎಲ್ಲವನ್ನೂ ವಿವರಿಸಿದ ಮೇಲೆ ಅವರು ಕೇಳಿದ್ದು ಅದನ್ನೇ: ಮತ್ತೆ ನಿಮಗೇನು ತೊಂದರೆ? ತೊಂದರೆ ನನಗಲ್ಲ, ಅವರಿಗೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವರ ರಿಪೋರ್ಟನ್ನು ನೀವು ಏಕೆ ನೋಡಿದಿರಿ?" ಎಂದರು.

ಆ ಮಾತಿಗೆ ಕೈ ತಣ್ಣಗಾಯಿತು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ತಪ್ಪು. ಅಕ್ಕನ ಮಗ ಅಷ್ಟು ಅವಸರದಿಂದ ಎಚ್ಚರಿಸಿದ್ದು ಇದಕ್ಕೇ. ಬಾಗಿಲು ತೆರೆದಿದೆ ಎಂದು ಹೇಳಲು ಹೋದವರೇ ಒಳಗೆ ಇಣುಕಿದ್ದೇಕೆ ಎಂಬುದಕ್ಕೆ ಉತ್ತರ ಕೊಡಬೇಕಾದರೆ, ನಾಳೆ ಇನ್ನೊಬ್ಬರು ಬಾಯಿ ಬಿಡುತ್ತಾರೆಯೇ?

ಚಿಕ್ಕಂದಿನಲ್ಲಿ ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಲ್ಯಾಬ್ ಇತ್ತು. ಅಲ್ಲಿನ ಹಿರಿಯರು ರಿಪೋರ್ಟನ್ನು ಬರಹ ಒಳಗಾಗುವಂತೆ ಮಡಚಿ, ಕಂದು ಲಕೋಟೆಗೆ ಹಾಕಿ, ನಾಲಿಗೆಯಿಂದ ಗೋಂದನ್ನು ಒದ್ದೆ ಮಾಡಿ ಅಂಟಿಸಿ, ಮೇಲೆ ಹೆಸರು ಬರೆಯುತ್ತಿದ್ದರು. ಅಪ್ಪನ ರಿಪೋರ್ಟ್ ತರಲು ಹೋದವಳನ್ನು "ರಸೀದಿ ಎಲ್ಲಿ ಮಗಳೇ?" ಎಂದು ಕೇಳಿ, ಮರೆತು ಬಂದಿದ್ದೇನೆ ಎಂದರೆ ಆ ಸುಡುಬಿಸಿಲಿನಲ್ಲಿ ಮನೆಗೆ ವಾಪಸ್ ಕಳಿಸಿದ್ದರು. ಅಪ್ಪನ ಸ್ನೇಹಿತರು ಅವರು, ನನ್ನನ್ನು ಎತ್ತಿ ಆಡಿಸಿದವರು. ಅಂದು ಅಳುತ್ತಲೇ ನಡೆದಿದ್ದೆ. ಈ ವಾರ ಅವರ ಆ ಒಂದು ಪ್ರಶ್ನೆಯನ್ನು ಎಷ್ಟು ಬಾರಿ ನೆನೆದಿದ್ದೇನೋ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮವರೇ ಹೂಡಿದ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ದೆಹಲಿಯ ಆ ಬಾಗಿಲು ತಟ್ಟಿದ್ದರು. 2023ರಲ್ಲಿ ದತ್ತಾಂಶ ರಕ್ಷಣೆಯ ಕಾನೂನು ಬಂತು. ಭದ್ರತೆಯಲ್ಲಿ ಎಡವಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ಕಾಲಾವಕಾಶ. ಅಲ್ಲಿಯವರೆಗೆ ಆ ಬೆಂಚಿನ ಮೇಲೆ ದಿನವೂ ಜನ ಕೂರುತ್ತಾರೆ. ಹೆರಿಗೆಗೆ ಮುಂಚಿನ ಪರೀಕ್ಷೆಯವರು, ಮದುವೆ ನಿಶ್ಚಯವಾದವರು, ಮನೆಯಲ್ಲಿ ಹೇಳದೆ ಬಂದವರು. ಎಲ್ಲರಿಗೂ ಸಾಲಾಗಿ ಸಂಖ್ಯೆ ಬೀಳುತ್ತದೆ.

ಮಂಗಳವಾರ ಲ್ಯಾಬಿಗೆ ಪತ್ರ ಬರೆದು ಖುದ್ದಾಗಿ ಕೊಟ್ಟು, ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದೆ. ಅಕ್ಕನ ಮಗ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ಇಮೇಲ್ ಕಳಿಸಿದ್ದಾನೆ. ಲೋಪ ಸರಿಹೋಯಿತೇ ಎಂದು ಇನ್ನೊಂದು ಅಂಕಿ ಒತ್ತಿ ನೋಡುವ ಹಾಗಿಲ್ಲ, ಒತ್ತುವುದೂ ಇಲ್ಲ.

ಆಕೆಗೆ ಹೇಳಬೇಕೇ ಬೇಡವೇ ಎಂಬುದು ಇನ್ನೂ ಬಗೆಹರಿದಿಲ್ಲ. ಹೇಳಿದರೆ ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ, ಅವರ ಕಾಗದ ಬೀದಿಯಲ್ಲಿ ಬಿದ್ದಿತ್ತೆಂಬುದೇ ಅವರಿಗೆ ತಿಳಿಯುವುದಿಲ್ಲ. ನಿನ್ನೆ ಸಂಜೆ ಹೂವಿನವಳ ಹತ್ತಿರ ಎದುರಾದರು. ಎರಡು ಮೊಳ ಮಲ್ಲಿಗೆ ಅಳೆಸಿಕೊಳ್ಳುತ್ತ, "ಅಮ್ಮನ ರಿಪೋರ್ಟ್ ಬಂತಾ? ಸಕ್ಕರೆ ಎಷ್ಟಿದೆ?" ಎಂದು ಕೇಳಿದರು. 142 ಎಂದೆ. ನೀವು ಹೇಗಿದ್ದೀರಿ ಎಂದು ತಿರುಗಿ ಕೇಳಲು ನನಗೆ ಬಾಯಿ ಬರಲಿಲ್ಲ.