ರೋಸೆಗ್ ಕಣಿವೆಯ ನಾರುವ ಪಾಚಿ

ಸ್ವಿಟ್ಜರ್ಲೆಂಡಿನ ಪೊಂಟ್ರೆಸಿನಾ ಸ್ಟೇಷನ್ನಿನಿಂದ ರೋಸೆಗ್ ಕಣಿವೆಗೆ ಕುದುರೆ ಗಾಡಿ ಇದೆ. ನಾವು ನಡೆದೇ ಹೊರಟೆವು. ಸುಮಾರು 7 ಕಿಲೋಮೀಟರ್, ಏರು ಜಾಸ್ತಿ ಇಲ್ಲ. ಅಕ್ಟೋಬರ್ ಆದ್ದರಿಂದ ಲಾರ್ಚ್ ಮರಗಳೆಲ್ಲ ಹಳದಿಯಾಗಿದ್ದವು. ಎಲ್ಲರ ಕ್ಯಾಮೆರಾ ಆ ಕಡೆ. ನನಗೆ ಬೇಕಿದ್ದದ್ದು ಹೊಳೆಯೊಳಗಿನ ಕಲ್ಲುಗಳು.

ಈ ಹೊಳೆ ಹುಟ್ಟುವುದು ರೋಸೆಗ್ ಮತ್ತು ಚಿಯೆರ್ವಾ ಹಿಮನದಿಗಳಲ್ಲಿ. ಬೇಸಿಗೆಯಲ್ಲಿ ನೀರು ಬೂದಿ ಕಲಸಿದ ಹಾಲಿನಂತಿರುತ್ತದೆ. ಹಿಮನದಿ ಬಂಡೆಯನ್ನು ಅರೆದ ನುಣ್ಣನೆ ಪುಡಿ ಅದು. ಬೆಳಕು ತಳ ಮುಟ್ಟುವುದಿಲ್ಲ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಮೇಲೆ ಹೊಳೆ ಉಬ್ಬುತ್ತದೆ, ತಳದ ಕಲ್ಲುಗಳೇ ಉರುಳುತ್ತವೆ. ಕಲ್ಲೇ ನಿಲ್ಲದ ಕಡೆ ಪಾಚಿ ಎಲ್ಲಿ ನಿಂತೀತು? ಎಯಾವಾಗ್ ಎಂಬ ಸ್ವಿಸ್ ಜಲ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಇಲ್ಲೇ ಅಳೆದು ನೋಡಿದ್ದಾರೆ. ಪಾಚಿ ಸೊಂಪಾಗಿ ಬೆಳೆಯುವುದು ವಸಂತದಲ್ಲಿ, ಮತ್ತೆ ಚಳಿಗಾಲಕ್ಕೆ ಮುಂಚೆ. ನಡುಬೇಸಿಗೆಯಲ್ಲಿ ತೀರಾ ಕಡಿಮೆ. ವಿಚಿತ್ರ, ಅಲ್ವಾ?

ಕಣಿವೆಯೊಳಗೆ ಒಂದು ಹೋಟೆಲ್ ಇದೆ. ಅದನ್ನು ದಾಟಿದ ಮೇಲೆ ಕಣಿವೆ ಅಗಲವಾಗಿ ಹೊಳೆ ಹಲವು ಕವಲಾಗುತ್ತದೆ. ಮುಖ್ಯ ಕವಲಿನಿಂದ ಒಂದು ಕಲ್ಲು ಎತ್ತಿದೆ. ಬೆರಳು ಮರಗಟ್ಟಿತು. ಕಲ್ಲಿನ ತುಂಬ ಹೊಂಗಂದು ಬಣ್ಣದ ಲೋಳೆ. ನೀರಿಗೆ ಹಿಡಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಮೇಲೆತ್ತಿದರೆ ಮುದ್ದೆಯಾಗಿ ಕೂರುತ್ತದೆ. ಮೂಸಿದೆ. ಥೂ, ಎಂಥಾ ನಾತ! ಹೈಡ್ರೂರಸ್ ಎಂಬ ಪಾಚಿ ಅಂದರೆ ಇದೇ. ಕೊರೆಯುವ ನೀರೇ ಇದಕ್ಕೆ ಬೇಕು. ನೀರು ಸ್ವಲ್ಪ ಬೆಚ್ಚಗಾದರೂ ಮಾಯ.

ಸ್ವಲ್ಪ ಆಚೆ ಇನ್ನೊಂದು ಕವಲು. ಅದಕ್ಕೆ ನೀರು ನೆಲದೊಳಗಿನಿಂದ ಒಸರುತ್ತದೆ. ಹಾಗಾಗಿ ನೆರೆಯ ಅಬ್ಬರ ಇಲ್ಲ, ಪುಡಿಯೂ ಇಲ್ಲ. ಅಲ್ಲಿನ ಕಲ್ಲುಗಳ ಮೇಲೆ ಡಯಾಟಮ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ತೆಳು ಕಂದು ಪದರ, ನಡುನಡುವೆ ಹಸಿರು ಎಳೆಗಳು. ಒಂದೇ ಕಣಿವೆ, ಒಂದೇ ಬಿಸಿಲು. ಆದರೂ ನೀರು ಎಲ್ಲಿಂದ ಬಂತು ಎಂಬುದನ್ನು ಕಲ್ಲಿನ ಬಣ್ಣ ನೋಡಿಯೇ ಊಹಿಸಬಹುದು.

ರೋಸೆಗ್ ಹಿಮನದಿ ಹಿಂದೆ ಸರಿದ ಜಾಗದಲ್ಲಿ ಈಗ ಒಂದು ಕೆರೆ ಇದೆ. ಪುಡಿಯ ಒಂದು ಪಾಲು ಅಲ್ಲೇ ತಳ ಸೇರುತ್ತದೆ. ಹಿಮ ಇನ್ನೂ ಕರಗಿ ಹೋದರೆ ಹೊಳೆ ತಿಳಿಯಾಗುತ್ತದೆ, ಬೆಚ್ಚಗಾಗುತ್ತದೆ, ಬಹುಶಃ ಹಸಿರೂ ಹೆಚ್ಚುತ್ತದೆ. ನೋಡುವವರಿಗೆ ಅದು ಚೆಂದವೇ ಕಂಡೀತು. ನನಗೆ ಮಾತ್ರ ಈ ನಾರುವ ಲೋಳೆಯ ಮೇಲೇ ಪ್ರೀತಿ.

ನೀವೂ ಹೋಗುವುದಾದರೆ ಜುಲೈ ಬೇಡ, ಅಕ್ಟೋಬರಿನಲ್ಲಿ ಹೋಗಿ. ಕಲ್ಲು ಮುಟ್ಟುವ ಆಸೆ ಇದ್ದರೆ ಸೋಪು ಇಟ್ಟುಕೊಂಡಿರಿ. ವಾಪಸ್ ರೈಲಿನಲ್ಲಿ ನನ್ನ ಹೆಂಡತಿ ಎದುರಿನ ಸೀಟಿಗೆ ಹೋಗಿ ಕೂತಳು.