ದಿನಾಂಕ ಇಲ್ಲದ ಮೆಸೇಜು

ಜುಲೈ 1, 2025, ಮಂಗಳವಾರ
ಹನುಮಂತನಗರ, ಬೆಂಗಳೂರು

ಇವತ್ತು ಪತ್ರಿಕಾ ದಿನಾಚರಣೆ ಅಂತ ಬೆಳಿಗ್ಗೆಯಿಂದ ಎಲ್ಲಾ ಗ್ರೂಪಲ್ಲೂ ಶುಭಾಶಯ. 1843ರ ಜುಲೈ 1ಕ್ಕೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಮಂಗಳೂರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ್ದು, ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಂದ್ಸಲ ಕಲ್ಲಚ್ಚಲ್ಲಿ ಅಚ್ಚಾಗ್ತಿತ್ತು, ಊರ ಸುದ್ದಿ, ಸರ್ಕಾರದ ಆದೇಶ, ಕಥೆ ಎಲ್ಲಾ ಇರ್ತಿತ್ತಂತೆ. ಆಗ ಒಂದು ವಿಷಯ ನಾಲ್ಕು ಜನಕ್ಕೆ ಮುಟ್ಟಿಸಬೇಕಂದ್ರೆ ಕಲ್ಲು, ಮಸಿ, ಕಾಗದ, ಹೊತ್ಕೊಂಡು ಹೋಗೋ ಆಳು ಎಲ್ಲಾ ಬೇಕು, ಬೆನ್ನಿಗೊಂದು ಮಿಷನ್ನೂ ಬೇಕು. ಈಗ ನಮ್ಮ ಕೆಳಗಿನ ಮನೆ ಆಂಟಿ ಕೈಲಿರೋ ಫೋನೊಂದೇ ಸಾಕು. ಅದು ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೈ ಕೊಡುತ್ತೆ ಅಂತ ಇವತ್ತು ಒಂದೇ ಮಧ್ಯಾಹ್ನದಲ್ಲಿ ನೋಡಿದೆ, ಮರೆಯೋಕೆ ಮುಂಚೆ ಬರೆದಿಡ್ತಿದೀನಿ.

ಊಟ ಮುಗಿಸಿ ಪಾತ್ರೆ ತೊಳೀತಿದ್ದೆ, ಆಂಟಿ ಗಾಬರಿಯಾಗಿ ಮೇಲೆ ಬಂದ್ರು. ಅವರ ತಂಗಿ ಮಗನಿಗೆ ಡೆಂಗ್ಯೂ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣ ತುಂಬಾ ಇಳಿದುಬಿಟ್ಟಿದೆ, ಒಸಡಲ್ಲಿ ರಕ್ತ ಬರೋಕೆ ಶುರುವಾಗಿದೆ, ಆಸ್ಪತ್ರೆಯವರು ಎಸ್‌ಡಿಪಿ ಕೊಡೋ ದಾನಿನ ಕರ್ಕೊಂಡು ಬನ್ನಿ ಅಂದಿದ್ದಾರೆ. ಎಸ್‌ಡಿಪಿ ಅಂದ್ರೆ ಒಬ್ಬರೇ ದಾನಿಯಿಂದ ಮೆಷಿನ್ ಮೂಲಕ ಪ್ಲೇಟ್‌ಲೆಟ್ ಮಾತ್ರ ತಗೊಂಡು ಉಳಿದ ರಕ್ತನ ವಾಪಸ್ ಅವರ ಮೈಗೇ ಬಿಡೋದು, ಮಾಮೂಲಿ ರಕ್ತದಾನದಿಂದ ಬರೋ ಐದಾರು ಯೂನಿಟ್ ಪ್ಲೇಟ್‌ಲೆಟ್‌ಗೆ ಅದೊಂದೇ ಸಮ. ಕೆಂಪು ರಕ್ತಕಣನಾದ್ರೆ ಫ್ರಿಜ್ಜಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಇಡಬಹುದು, ಪ್ಲೇಟ್‌ಲೆಟ್ ಮಾತ್ರ ಐದೇ ದಿನ. ಅದಕ್ಕೇ ಈ ಮಳೆಗಾಲದಲ್ಲಿ ಯಾವ ಬ್ಲಡ್ ಬ್ಯಾಂಕಲ್ಲೂ ರಾಶಿ ಹಾಕ್ಕೊಂಡು ಕೂತಿರಲ್ಲ, ದಾನಿನ ಹುಡುಕಲೇಬೇಕು, ಅದೂ ಇವತ್ತೇ.

ಆಂಟಿ ಅಳಿಯ ಅಷ್ಟೊತ್ತಿಗಾಗಲೇ ಒಂದು ಮೆಸೇಜ್ ಮಾಡಿ ಕಳಿಸಿದ್ರು. ಕೆಂಪು ಬ್ಯಾಗ್ರೌಂಡು, ಕೈ ಮುಗಿಯೋ ಇಮೋಜಿ, "ತುರ್ತು! ರಕ್ತ ಬೇಕಾಗಿದೆ! ಒಂದು ಜೀವ ಉಳಿಸಿ! ನಿಮ್ಮ ಎಲ್ಲಾ ಗ್ರೂಪಿಗೂ ಕಳಿಸಿ!" ಅಷ್ಟೇ. ಯಾವ ಗ್ರೂಪಿನ ರಕ್ತ, ಯಾವ ಆಸ್ಪತ್ರೆ, ಯಾವತ್ತು, ಯಾರಿಗೆ ಫೋನ್ ಮಾಡಬೇಕು, ಒಂದೂ ಇಲ್ಲ. ಪಾಪ ಅವರದೂ ತಪ್ಪಲ್ಲ, ಗಾಬರಿಲಿ ಹಾಗೇ ಆಗೋದು. ಆದ್ರೆ ಇಂಥ ಮೆಸೇಜು ಸಾವಿರ ಜನಕ್ಕೆ ತಲುಪಿದ್ರೂ ಆಸ್ಪತ್ರೆ ಬಾಗಿಲಿಗೆ ಒಬ್ಬರನ್ನೂ ತರಲ್ಲ.

ಅವರ ಮನೆಗೇ ಹೋಗಿ ಡೈನಿಂಗ್ ಟೇಬಲ್ ಹತ್ರ ಕೂತು ಹೊಸದಾಗಿ ಬರೆದ್ವಿ. ಆಸ್ಪತ್ರೆ ಹೆಸರು, ಫೋನ್ ನಂಬರ್ ಇಲ್ಲಿ ಹಾಕಲ್ಲ, ಉಳಿದಿದ್ದು ಹೀಗಿತ್ತು:

"ಜುಲೈ 1, ಮಂಗಳವಾರ, ಮಧ್ಯಾಹ್ನ 2.30. ಡೆಂಗ್ಯೂ ರೋಗಿಗೆ ಓ ಪಾಸಿಟಿವ್ ಎಸ್‌ಡಿಪಿ ಪ್ಲೇಟ್‌ಲೆಟ್ ಬೇಕು. ಇವತ್ತು ರಾತ್ರಿ 8ರೊಳಗೆ ಬರೋಕಾಗೋರು ಮಾತ್ರ ಫೋನ್ ಮಾಡಿ. ತೂಕ 50 ಕಿಲೋ ಮೇಲಿರಬೇಕು, ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು. ಎರಡು ಮೂರು ಗಂಟೆ ಬಿಡುವು ಮಾಡ್ಕೊಂಡು ಬನ್ನಿ. ಫಾರ್ವರ್ಡ್ ಮಾಡೋಕೆ ಮುಂಚೆ ಕೆಳಗಿನ ಲಿಂಕ್ ನೋಡಿ, ದಾನಿ ಸಿಕ್ಕಿದ್ರೆ ಅಲ್ಲಿ ಬರೆದಿರುತ್ತೆ."

ಆಂಟಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ಇಷ್ಟು ಸಪ್ಪೆಯಾಗಿದ್ರೆ ಯಾರು ಓದ್ತಾರಮ್ಮ, ಸ್ವಲ್ಪ ಕರುಳು ಚುರುಕ್ ಅನ್ನೋ ಹಾಗೆ ಬರಿಯೇ" ಅಂದ್ರು. "ಕನಿಕರ ಎಲ್ಲರಿಗೂ ಬರುತ್ತೆ ಆಂಟಿ, ನಮಗೆ ಬೇಕಾಗಿರೋದು ಓ ಪಾಸಿಟಿವ್ ಇರೋರು ಒಬ್ಬರು" ಅಂದೆ. ಹುಡುಗ ಬೆಡ್ ಮೇಲೆ ಮಲಗಿರೋ ಫೋಟೋ, ಲ್ಯಾಬ್ ರಿಪೋರ್ಟು ಎರಡೂ ಹಾಕೋಣ ಅಂತಿದ್ರು, ಅದಕ್ಕೂ ಬೇಡ ಅಂದೆ. ಇಂಜಿನಿಯರಿಂಗ್ ಓದ್ತಿರೋ ಹುಡುಗ, ನಾಳೆ ಎದ್ದು ಕಾಲೇಜಿಗೆ ಹೋಗ್ತಾನೆ, ಡ್ರಿಪ್ ಹಾಕ್ಕೊಂಡಿರೋ ಅವನ ಫೋಟೋ ಮಾತ್ರ ಇನ್ನೆಷ್ಟು ವರ್ಷ ಯಾರ್ಯಾರ ಫೋನಲ್ಲಿ ಓಡಾಡ್ತಿರುತ್ತೋ, ಅವನ ಕೇಳದೆ ಹಾಗೆ ಮಾಡೋದು ನನಗೆ ಸರಿ ಅನ್ಸಲ್ಲ. ಆಂಟಿ ಒಂದು ಗಳಿಗೆ ಯೋಚ್ನೆ ಮಾಡಿ ಹೂಂ ಅಂದ್ರು.

ಆಮೇಲೆ ಅದನ್ನೇ ನನ್ನ ಬ್ಲಾಗಲ್ಲಿ ಒಂದು ಪೋಸ್ಟ್ ಹಾಕಿ, ಅದರ ಲಿಂಕನ್ನ ಮೆಸೇಜಿನ ಕೆಳಗೆ ಸೇರಿಸಿ ಕಳಿಸಿದ್ವಿ. ಆಂಟಿ ಭಜನೆ ಮಂಡಳಿ ಗ್ರೂಪು, ನಮ್ಮ ಬೀದಿ ಗ್ರೂಪು, ಅವರ ಮಗನ ಆಫೀಸ್ ಗ್ರೂಪು, ಹುಡುಗನ ಕಾಲೇಜ್ ಫ್ರೆಂಡ್ಸು, ಜೊತೆಗೆ ಫೇಸ್‌ಬುಕ್ಕಲ್ಲಿ ನನ್ನ ಅಕೌಂಟು. ಕಾಫಿ ಇಳಿಸೋ ಹೊತ್ತಿಗೆ ಮೊದಲನೇ ಫೋನ್ ಬಂತು. ಕೊನೆಗೆ ಹೋಗಿ ಕೊಟ್ಟಿದ್ದು ಬನಶಂಕರಿ ಕಡೆ ಒಬ್ಬ ಹುಡುಗ, ಅವನಿಗೆ ಆ ಮೆಸೇಜ್ ಬಂದಿದ್ದು ಅವರ ಬೀದಿ ಗಣೇಶೋತ್ಸವದ ಗ್ರೂಪಿಂದ! ಭಜನೆ ಮಂಡಳಿಯಿಂದ ಗಣೇಶೋತ್ಸವದ ಗ್ರೂಪಿಗೆ ಅದು ಹೇಗೆ ಹೋಯ್ತೋ, ಮಧ್ಯೆ ಎಷ್ಟು ಕೈ ದಾಟ್ತೋ ನಮಗ್ಯಾರಿಗೂ ಗೊತ್ತಿಲ್ಲ. ಈ ಊರಲ್ಲಿ ಪಕ್ಕದ ಗಲ್ಲಿಯವರ ಮುಖ ಪರಿಚಯ ಇಲ್ಲ ಅಂತೀವಿ, ಗುರುತು ಪರಿಚಯ ಇಲ್ಲದ ಆ ಹುಡುಗ ಮೆಷಿನ್ ಮುಂದೆ ಗಂಟೆಗಟ್ಟಲೆ ಕೂತು ಕೊಟ್ಟು ಹೋದ. ಅವನಿಗೆ ಒಳ್ಳೇದಾಗ್ಲಿ.

ಅವನು ಒಪ್ಪಿಕೊಂಡ ತಕ್ಷಣ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಬ್ಲಾಗಲ್ಲಿ ಆ ಪೋಸ್ಟಿನ ತಲೆಬರಹ ಬದಲಾಯಿಸಿದ್ದು, "ದಾನಿ ಸಿಕ್ಕಿದ್ದಾರೆ, ಸಂಜೆ 4.40, ಇನ್ನು ಫೋನ್ ಮಾಡಬೇಡಿ, ಎಲ್ಲರಿಗೂ ನಮಸ್ಕಾರ" ಅಂತ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಬೇಕು ಅನ್ನೋ ಮೆಸೇಜು ಓಡೋ ಸ್ಪೀಡಲ್ಲಿ ಸಿಕ್ತು ಅನ್ನೋ ಮೆಸೇಜು ಯಾವತ್ತೂ ಓಡಲ್ಲ. ವಾಟ್ಸಾಪಲ್ಲಿ ಒಂದ್ಸಲ ಕೈಬಿಟ್ಟ ಮೇಲೆ ಬೇರೆಯವರು ಮಾಡಿದ ಫಾರ್ವರ್ಡನ್ನ ನಾವು ತಿದ್ದೋಕಾಗಲ್ಲ, ಅದು ನಮ್ಮ ಕೈಮೀರಿ ಹೋದ ಹಾಗೆ. ಬ್ಲಾಗ್ ಪೋಸ್ಟು ಒಂದೇ ಕಡೆ ಇರುತ್ತೆ, ಅದರ ಲಿಂಕು ಎಷ್ಟು ಫೋನಿಗೆ ಹೋಗಿದ್ರೂ ಇಲ್ಲಿ ತಿದ್ದಿದ್ರೆ ತೆರೆದು ನೋಡೋರಿಗೆಲ್ಲಾ ಹೊಸದೇ ಕಾಣ್ಸುತ್ತೆ. ಬ್ಲಾಗ್ ಎಲ್ಲಾ ಹಳೇ ಕಾಲದ್ದು, ಈಗ್ಯಾರು ಓದ್ತಾರೆ ಅಂತ ಕೇಳೋರಿಗೆ ನನ್ನ ಉತ್ತರ ಇದೇ: ಹಬ್ಬಿಸೋಕೆ ವಾಟ್ಸಾಪ್, ಫೇಸ್‌ಬುಕ್, ರೀಲ್ಸ್ ಎಲ್ಲಾ ಇರಲಿ, ಆದ್ರೆ ವಿಷಯಕ್ಕೆ ಒಂದು ವಿಳಾಸ ಬೇಕಲ್ವಾ, ಅದು ಬ್ಲಾಗು. ಎರಡೂ ಜೊತೆಗಿದ್ರೇ ಕೆಲಸ ಆಗೋದು.

ದಿನಾಂಕ ಇಲ್ಲದ ರಕ್ತದ ಮೆಸೇಜುಗಳು ವರ್ಷಗಟ್ಟಲೆ ತಿರುಗ್ತಾನೇ ಇರುತ್ವೆ. ಎಂದೋ ಗುಣ ಆದೋರ ಮನೆಗೆ, ಇನ್ನೂ ಸಂಕಟ ಅಂದ್ರೆ ತೀರಿಕೊಂಡೋರ ಮನೆಗೆ, ಈಗ್ಲೂ ರಕ್ತ ಕೊಡ್ತೀವಿ ಅಂತ ಫೋನ್ ಹೋಗುತ್ತೆ. ಹೀಗೆ ಎರಡು ಸಲ ಮೋಸ ಹೋದ ದಾನಿ ಮೂರನೇ ಸಲ ನಿಜವಾದ ಮೆಸೇಜ್ ಬಂದ್ರೂ ತೆಗೆದು ನೋಡಲ್ಲ.

ಅಪರೂಪದ ರಕ್ತಕ್ಕಂತೂ ಈ ಜಾಲಾನೇ ಗತಿ. ಬಾಂಬೆ ಬ್ಲಡ್ ಗ್ರೂಪ್ ಅಂತ ಇದೆ, 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ಭೆಂಡೆ ಮತ್ತು ಜೊತೆಯವರು ಗುರುತಿಸಿದ್ದು, ನಮ್ಮ ದೇಶದಲ್ಲಿ ಸುಮಾರು 10,000 ಜನಕ್ಕೆ ಒಬ್ಬರಿಗೆ ಇರಬಹುದು. ಮಾಮೂಲಿ ಟೆಸ್ಟಲ್ಲಿ ಓ ಅಂತಾನೇ ಕಾಣ್ಸುತ್ತೆ, ಆದ್ರೆ ಅವರಿಗೆ ಓ ರಕ್ತ ಕೂಡ ಆಗಲ್ಲ, ಅದೇ ಗ್ರೂಪಿನವರದ್ದೇ ಬೇಕು. ನಮ್ಮ ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ನಿನವರು ಇಂಥ ದಾನಿಗಳನ್ನ ಹುಡುಕಿ ಜೋಡಿಸೋ ಕೆಲಸ ಮಾಡ್ತಿದ್ದಾರೆ. ಇಂಥೋರಿಗೆ ಅಕ್ಕಪಕ್ಕದಲ್ಲಿ ಕೇಳಿದ್ರೆ ಯಾರೂ ಸಿಗಲ್ಲ, ಇನ್ಯಾವುದೋ ಊರಲ್ಲಿರೋ ಒಬ್ಬರಿಗೆ ವಿಷಯ ಮುಟ್ಟಬೇಕು, ಅವರು ಬಸ್ ಹತ್ತಬೇಕು.

ಇದೇ ಶಕ್ತಿ ತಿರುಗಿ ಬಿದ್ರೆ ಏನಾಗುತ್ತೆ ಅನ್ನೋದನ್ನೂ ಈ ಊರು ನೋಡಿದೆ. 2012ರ ಆಗಸ್ಟಲ್ಲಿ, ತಮ್ಮ ಮೇಲೆ ದಾಳಿ ಆಗುತ್ತೆ ಅನ್ನೋ ಎಸ್ಸೆಮ್ಮೆಸ್ ವದಂತಿ ನಂಬಿ ಈಶಾನ್ಯ ರಾಜ್ಯದೋರು ಸಾವಿರಗಟ್ಟಲೆ ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದು ಗುವಾಹಟಿ ರೈಲು ಹತ್ತಿದ್ರು, ಆಮೇಲೆ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಕೆಲವು ದಿನ ಮಿತಿ ಹಾಕ್ತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಲಿ, ಇಲ್ಲೇ ನಮ್ಮನೆಗೆ ಹತ್ರದಲ್ಲಿ, ಮಕ್ಕಳ ಕಳ್ಳ ಅಂತ ರಾಜಸ್ಥಾನದ ಒಬ್ಬ ಯುವಕನ್ನ ಜನ ಹೊಡೆದು ಸಾಯಿಸಿಬಿಟ್ರು. ಆ ಸಮಯದಲ್ಲಿ ಎಲ್ಲರ ಫೋನಲ್ಲೂ ಓಡ್ತಿದ್ದ ಒಂದು ವಿಡಿಯೋ ಇತ್ತು, ಬೈಕಲ್ಲಿ ಬಂದು ಮಗು ಎತ್ಕೊಂಡು ಹೋಗೋದು, ಅದು ಅಸಲಿಗೆ ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಅರಿವು ಮೂಡಿಸೋಕೆ ಮಾಡಿದ್ದು. ಕೊನೇಲಿ ಮಗುನ ವಾಪಸ್ ತಂದು ಬಿಟ್ಟು ಒಂದು ಬೋರ್ಡ್ ತೋರಿಸ್ತಾರೆ, ಆ ಕೊನೇ ಭಾಗನ ಯಾರೋ ಕತ್ತರಿಸಿ ಹಾಕಿದ್ರು. ಅಷ್ಟೇ ಸಾಕಾಯ್ತು. ಎಲ್ಲಿಯದು, ಯಾವಾಗಿನದು, ಯಾರು ಮಾಡಿದ್ದು ಅನ್ನೋದು ಉದುರಿಹೋದ್ರೆ ಒಳ್ಳೇ ಮೆಸೇಜೂ ಕೊಲ್ಲುತ್ತೆ. ಅದೇ ವರ್ಷ ಜುಲೈನಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಾಡಿದ್ದು.

ಅದಕ್ಕೆ ಉಲ್ಟಾ, ಊರಿನ ಜನ ಸರಿಯಾಗಿ ಉಪಯೋಗಿಸಿಕೊಂಡಿದ್ದೂ ಕಣ್ಣ ಮುಂದಿದೆ. 2016ರಲ್ಲಿ ಬಸವೇಶ್ವರ ಸರ್ಕಲ್ಲಿಂದ ಹೆಬ್ಬಾಳದ ತನಕ ಸ್ಟೀಲ್ ಫ್ಲೈಓವರ್ ಕಟ್ತೀವಿ ಅಂತ ಸರ್ಕಾರ ಹೊರಟಾಗ ಸುದ್ದಿ ಹಬ್ಬಿದ್ದು "ಸ್ಟೀಲ್ ಫ್ಲೈಓವರ್ ಬೇಡ" ಅನ್ನೋ ಹ್ಯಾಷ್‌ಟ್ಯಾಗಲ್ಲಿ. ಹಿಂದೆ ಗಟ್ಟಿ ಲೆಕ್ಕ ಇತ್ತು: 6.7 ಕಿಲೋಮೀಟರ್, ಸುಮಾರು 1,800 ಕೋಟಿ, 812 ಮರ. ಮುಂದೆ ಒಂದು ಕರೆ ಇತ್ತು: ಅಕ್ಟೋಬರ್ 16, ಭಾನುವಾರ, ಬಂದು ರಸ್ತೆ ಬದಿ ನಿಲ್ಲಿ. ಸಾವಿರಾರು ಜನ ಬಂದು ಕೈ ಕೈ ಹಿಡ್ಕೊಂಡು ನಿಂತ್ರು. 2017ರ ಮಾರ್ಚಲ್ಲಿ ಸರ್ಕಾರ ಯೋಜನೆ ಕೈಬಿಡ್ತು. ಬರೀ ಟ್ವೀಟಿಂದಲೇ ಆಯ್ತು ಅಂತ ನಾನು ಹೇಳಲ್ಲ, ಹಸಿರು ನ್ಯಾಯಮಂಡಳಿ ತಡೆ ಇತ್ತು, ರಾಜಕೀಯಾನೂ ಇತ್ತು, ಆದ್ರೆ ಅಷ್ಟು ಜನನ ಮನೆಯಿಂದ ಆಚೆ ತಂದು ನಿಲ್ಲಿಸಿದ್ರಲ್ಲಿ ಫೋನಿನ ಪಾಲು ದೊಡ್ಡದು.

ಇನ್ನೊಂದು ನನಗೆ ತುಂಬಾ ಇಷ್ಟ ಆಗಿದ್ದು ಕಲಾವಿದ ಬಾದಲ್ ನಂಜುಂಡಸ್ವಾಮಿಯವರದು. 2015ರಲ್ಲಿ ಸುಲ್ತಾನ್ ಪಾಳ್ಯದ ರಸ್ತೆ ಗುಂಡಿಲಿ ಮೊಸಳೆ ಮಾಡಿ ಕೂರಿಸಿದ್ರು. 2019ರ ಸೆಪ್ಟೆಂಬರಲ್ಲಿ, ಚಂದ್ರಯಾನ-2 ಇಳಿಯೋಕೆ ಇನ್ನೇನು ಕೆಲವೇ ದಿನ ಇರೋವಾಗ, ಹೇರೋಹಳ್ಳಿ ಕಡೆ ರಸ್ತೆಲಿ ರಾತ್ರಿ ಹೊತ್ತು ಗಗನಯಾತ್ರಿ ಡ್ರೆಸ್ ಹಾಕಿದ ಒಬ್ಬರನ್ನ ನಡೆಸಿದ್ರು. ನೋಡ್ತಾ ನೋಡ್ತಾ ಚಂದ್ರನ ಮೇಲೇ ನಡೀತಿದ್ದಾರೇನೋ ಅನ್ಸುತ್ತೆ, ಅಷ್ಟರಲ್ಲಿ ಪಕ್ಕದಲ್ಲೇ ಗಾಡಿ ಹಾದು ಹೋಗುತ್ತೆ, ಆಗ ಗೊತ್ತಾಗುತ್ತೆ ಇದು ನಮ್ಮೂರ ರಸ್ತೆ ಅಂತ. ಭಾಷಣ ಇಲ್ಲ, ಬೈಗುಳ ಇಲ್ಲ, ದೇಶ ಎಲ್ಲಾ ನೋಡ್ತು, ಆ ರಸ್ತೆ ಬೇಗನೇ ರಿಪೇರಿ ಆಯ್ತು. ಯಾವ ರಸ್ತೆ ಅಂತ ಗೊತ್ತಾಗೋ ಹಾಗಿದ್ದಿದ್ದಕ್ಕೇ ಅದು ರಿಪೇರಿ ಆಗಿದ್ದು ಅಂತ ನನ್ನ ನಂಬಿಕೆ, ಸುಮ್ನೆ ಬೆಂಗಳೂರು ರಸ್ತೆ ಸರಿ ಇಲ್ಲ ಅಂತ ವಿಡಿಯೋ ಹಾಕಿದ್ರೆ ಎಲ್ಲರೂ ಹೌದ್ಹೌದು ಅಂತಿದ್ರು ಅಷ್ಟೇ.

ಕೋವಿಡ್ ಎರಡನೇ ಅಲೆಲಿ ಬೆಡ್ಡು, ಆಕ್ಸಿಜನ್ನಿಗೆ ಜನ ಟ್ವಿಟರಲ್ಲಿ ಮೊರೆ ಇಟ್ಟಿದ್ದು ನೆನಪಿರಬೇಕಲ್ಲ, ಹಾಗೆ ಕೇಳೋರ ಬಾಯಿ ಮುಚ್ಚಿಸಬಾರದು, ಮುಚ್ಚಿಸಿದ್ರೆ ನ್ಯಾಯಾಂಗ ನಿಂದನೆ ಅಂತ 2021ರ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟೇ ಹೇಳ್ತು. ಕಷ್ಟದಲ್ಲಿರೋರು ಸಾರ್ವಜನಿಕವಾಗಿ ಕೇಳೋದು ಅಪರಾಧ ಅಲ್ಲ ಅನ್ನೋ ಆ ಮಾತು ನನಗೆ ಬಹಳ ಮುಖ್ಯ.

ಇನ್ನೊಂದು ವಿಷಯ, ಇವತ್ತಿನ ಮೆಸೇಜನ್ನ ನಾವು ಕನ್ನಡದಲ್ಲೇ ಬರೆದ್ವಿ, ಅದಕ್ಕೇ ಭಜನೆ ಮಂಡಳಿ ಹೆಂಗಸರು ಓದಿ ತಕ್ಷಣ ಮುಂದೆ ಕಳಿಸಿದ್ರು, ಎಸ್‌ಡಿಪಿ ಅಂದ್ರೇನು ಅಂತ ಆಂಟಿ ಒಂದು ವಾಯ್ಸ್ ಮೆಸೇಜೂ ಹಾಕಿದ್ರು, ಓದೋಕೆ ಬರದೋರಿಗೆ ಅದೇ ಆಧಾರ. ಹಿಂದೆ 'ಬರಹ', 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಕಳಿಸಿದ್ರೆ ಆಚೆ ಕಡೆಯವರ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲದಿದ್ರೆ ಬರೀ ಚಿತ್ರವಿಚಿತ್ರ ಚಿಹ್ನೆ ಕಾಣೋದು. ಎಲ್ಲಾ ಕಂಪ್ಯೂಟರು, ಫೋನಿಗೂ ಒಂದೇ ಅಕ್ಷರ ಸಂಕೇತ ಇರೋ ಯೂನಿಕೋಡ್ ಬಂದ ಮೇಲೆ ಆ ಪಾಡು ತಪ್ತು. ಇಷ್ಟಿದ್ದೂ ಕನ್ನಡದ ಮನೆಗಳಿಗೇ ಹೋಗೋ ಮೆಸೇಜನ್ನ ಇಂಗ್ಲಿಷಲ್ಲಿ ಬರೆಯೋರನ್ನ ಕಂಡ್ರೆ ನನಗೆ ಬೇಜಾರಾಗುತ್ತೆ.

ರಾತ್ರಿ ಆಸ್ಪತ್ರೆಯಿಂದ ಫೋನ್ ಬಂತು, ಪ್ಲೇಟ್‌ಲೆಟ್ ಹಾಕಿದ್ದಾರೆ, ಒಸಡಿನ ರಕ್ತ ನಿಂತಿದೆಯಂತೆ. ಆಂಟಿ ಈಗ ಸುಮ್ನೆ ಕೂರೋ ಹಾಗಿಲ್ಲ. ಅವರ ತಂಗಿ ಮನೆ ಪಕ್ಕದ ಖಾಲಿ ಸೈಟಲ್ಲಿ ಹಳೇ ಟೈರು, ಒಡೆದ ಸಿಂಟೆಕ್ಸ್ ಬಿದ್ದಿದೆ, ಮಳೆ ನೀರು ನಿಂತಿದೆ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಟ್ಟು ಮರಿಯಾಗಿ ಹಾರೋಕೆ ಒಂದು ವಾರ ಹತ್ತು ದಿನ ಸಾಕು ಅಂತ ನಾನು ಹೇಳಿದ್ದೇ ತಡ, "ಅದನ್ನೂ ಹಾಕೋಣ ಕಣೇ, ಇವತ್ತು ಬರೆದ್ವಲ್ಲ ಹಾಗೇ, ತಾರೀಖು ಹಾಕಿ" ಅಂದ್ರು. ನಾಳೆ ಬೆಳಿಗ್ಗೆ ಬೆಳಕಿದ್ದಾಗ ಇಬ್ಬರೂ ಹೋಗ್ತಿದೀವಿ. ರಸ್ತೆ ಹೆಸರು, ವಾರ್ಡು, ನೀರು ನಿಂತಿರೋ ಜಾಗದ ಹತ್ತಿರದ ಫೋಟೋ ಒಂದು, ದೂರದಿಂದ ಇಡೀ ಸೈಟಿನದೊಂದು, ದೂರು ಕೊಟ್ಟ ನಂಬರು, ಎಲ್ಲಾ ಸೇರಿಸಿ ಸಂಜೆ ಪೋಸ್ಟ್ ಹಾಕ್ತೀನಿ, ಕ್ಲೀನ್ ಆಗೋ ತನಕ ಅದೇ ಪೋಸ್ಟನ್ನ ಅಪ್‌ಡೇಟ್ ಮಾಡ್ತಿರ್ತೀನಿ. ಆ ಕಡೆ ಇರೋರು ಲಿಂಕ್ ತಗೊಂಡು ನಿಮ್ಮ ಬೀದಿ ಗ್ರೂಪಿಗೆ ಹಾಕಿ.